ಮಹದೇವು ಮಾವ ಹಾಕಿದ ಗುಡ್ಡೆ

ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಕೊತ್ತತ್ತಿಯ ಪಟ್ಟಲಮ್ಮನ ಮನೆಯ ಹಿತ್ತಿಲಲ್ಲಿ ನೀಲಿ ಟಾರ್ಪಾಲು ಹಾಸಿದರೆಂದರೆ ಅದರ ಮೇಲೆ ಬೀಳುವುದು ನಾಲ್ಕು ಗುಡ್ಡೆ ಮಾಂಸ. ಪಟ್ಟಲಮ್ಮನದೊಂದು, ಮದ್ದೂರಿನ ಮಹದೇವುವಿನದೊಂದು, ಹಲಗೂರಿನ ನಾಗಮಣಿಯದೊಂದು, ಮಳವಳ್ಳಿಯ ಸಿದ್ದೇಶನದೊಂದು. ಒಡಹುಟ್ಟಿದ ನಾಲ್ವರೂ ಸೇರಿ ಒಂದು ಕುರಿ ತರುತ್ತಿದ್ದರು. ಕುಯ್ಯುವುದು, ಸುಲಿಯುವುದು ಯಾರಾದರೂ ಮಾಡಲಿ, ಗುಡ್ಡೆ ಹಾಕುವ ಕೈ ಮಾತ್ರ ದೊಡ್ಡಕ್ಕ ಪಟ್ಟಲಮ್ಮನದು. ತೊಡೆ, ಪಕ್ಕೆ, ಲಿವರು, ಕೊಬ್ಬು, ಮೂಳೆ, ಎಲ್ಲದರಲ್ಲೂ ಒಂದೊಂದು ಚೂರು ಪ್ರತಿ ಗುಡ್ಡೆಗೂ ಬೀಳಬೇಕು. ಕೊನೆಗೆ ಯಾವುದಾದರೂ ಗುಡ್ಡೆ ಕುಗ್ಗಿದಂತೆ ಕಂಡರೆ ಮಿಕ್ಕ ಮೂರರಿಂದ ಒಂದೊಂದು ತುಂಡು ತೆಗೆದು ಅದಕ್ಕೆ ಸೇರಿಸುತ್ತಿದ್ದಳು. ತಕ್ಕಡಿ ಇಲ್ಲ, ತಕರಾರೂ ಇಲ್ಲ.

ನಾಗಮಣಿಗೆ ಆ ಗುಡ್ಡೆ ಬರೀ ಬಾಡಾಗಿರಲಿಲ್ಲ. ಹಲಗೂರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಆಗಿದ್ದವಳಿಗೆ ವಾರಕ್ಕೊಮ್ಮೆ ಮಾಂಸ ತಂದು ತಿನ್ನಲು ಏನೂ ಕೊರತೆಯಿರಲಿಲ್ಲ. ಆದರೆ ಗಂಡ ತೀರಿಕೊಂಡಮೇಲೆ ಗಂಡನ ಕಡೆಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ತವರಿನ ಟಾರ್ಪಾಲಿನ ಮೇಲೆ ತನ್ನ ಹೆಸರಿನದೊಂದು ಗುಡ್ಡೆ ಬೀಳುತ್ತದೆ ಅನ್ನುವುದೊಂದೇ ಅವಳಿಗೆ ಉಳಿದಿದ್ದ ನೆಂಟಸ್ತಿಕೆ. ಅದಕ್ಕೆಂದೇ ಒಂದು ಸ್ಟೀಲಿನ ಡಬ್ಬಿ ಇಟ್ಟಿದ್ದಳು. ಬೇರೆ ದಿನ ಅದರಲ್ಲಿ ಏನನ್ನೂ ಹಾಕುತ್ತಿರಲಿಲ್ಲ.

ಅವಳ ಒಬ್ಬಳೇ ಮಗಳು ಶೋಭಿತಾ. ಎಂ.ಕಾಂ. ಮುಗಿಸಿ ಮಳವಳ್ಳಿಯಲ್ಲಿ ತೆರಿಗೆ ಲೆಕ್ಕ ನೋಡುವವರೊಬ್ಬರ ಆಫೀಸಿಗೆ ಹೋಗುತ್ತಿದ್ದಳು. ನಾಲ್ಕು ಜನ ಕೂತಲ್ಲಿ ಬಾಯಿ ಬಿಡುವ ಹುಡುಗಿಯಲ್ಲ. ಹೇಳಬೇಕಾದ ಮಾತನ್ನು ಒಳಗೇ ಮೂರು ಸಲ ಹೇಳಿಕೊಳ್ಳುವಷ್ಟರಲ್ಲಿ ಕೂತವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಕಾಲೇಜಿನ ಕೊನೆಯ ವರ್ಷ ಅವಳು ಬರೆದ ಪ್ರಾಜೆಕ್ಟು ಷೇರು ಪೇಟೆಯ ಮೇಲೆ: ಬ್ಯಾಂಕು, ಸಿಮೆಂಟು, ವಾಹನ, ಔಷಧಿ ಎಂದು ಪೇಟೆಯನ್ನು ಬೇರೆ ಬೇರೆ ವಲಯ ಮಾಡಿದ್ದಾರಲ್ಲ, ಒಂದು ವಲಯದಲ್ಲಿ ಹುಟ್ಟಿದ ಏರಿಳಿತ ಇನ್ನೊಂದಕ್ಕೆ ಹೇಗೆ ಹಬ್ಬುತ್ತದೆ ಅನ್ನುವುದು. ಅದನ್ನು ಅವಳು ನಡುಕ ಎಂದು ಕರೆದಿದ್ದಳು. ಪೇಟೆ ತಣ್ಣಗಿರುವಾಗ ಪ್ರತಿ ವಲಯವೂ ತನ್ನ ಪಾಡಿಗೆ ತಾನು ಏರಿ ಇಳಿಯುತ್ತದೆ. ಕೆಟ್ಟ ಕಾಲ ಬಂದರೆ ಎಲ್ಲವೂ ಒಂದರ ಕೈ ಒಂದು ಹಿಡಿದುಕೊಂಡು ಇಳಿಯುತ್ತವೆ. ಅವಳು ನೋಡಿದ ವರ್ಷಗಳಲ್ಲಿ ಆ ನಡುಕ ಹೆಚ್ಚಾಗಿ ಬ್ಯಾಂಕಿನಿಂದಲೇ ಹೊರಟಿತ್ತು. ಬರೆದದ್ದಿಷ್ಟೇ. ಓದಬೇಕಾದ ಮೇಷ್ಟ್ರು ಓದಲಿಲ್ಲ, ಸಹಿ ಹಾಕಿದರು.

ಓದಿದವನೆಂದು ಹೇಳಿಕೊಂಡವನು ಸೋದರಮಾವ ಮಹದೇವು ಒಬ್ಬನೇ. ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರು. ಇಸ್ತ್ರಿ ಕಳೆಯದ ಬಿಳಿ ಷರಟು, ಎರಡು ಫೋನು, ಮಾತಿನ ನಡುವೆ ಎದುರಿನವರ ಮೊಣಕೈ ಹಿಡಿದುಕೊಳ್ಳುವ ಅಭ್ಯಾಸ. ಹೋದ ವರ್ಷದ ಹೊಸತೊಡಕಿನಲ್ಲಿ ಊಟವಾದಮೇಲೆ ಅವನು ಎಲ್ಲರನ್ನೂ ಹಜಾರದಲ್ಲಿ ಕೂರಿಸಿಕೊಂಡು ಹೊಸ ವಿಷಯ ತೆಗೆದ. ನಾಲ್ಕು ಮನೆಯೂ ಷೇರಿಗೆ ಇಳಿಯೋಣ, ಒಬ್ಬೊಬ್ಬರು ಒಂದೊಂದು ವಲಯ ಹಿಡಿಯೋಣ, ಒಂದು ಬಿದ್ದರೆ ಇನ್ನೊಂದು ಏಳುತ್ತದೆ, ಬಿದ್ದವರಿಗೆ ಎದ್ದವರು ತುಂಬಿಕೊಡೋಣ. ಅಕ್ಕ ಗುಡ್ಡೆ ಸರಿದೂಗಿಸುವುದಿಲ್ಲವೇ, ಹಾಗೆ. ನಮ್ಮ ಹುಡುಗಿಯೇ ಪುಸ್ತಕ ಬರೆದಿದ್ದಾಳೆ, ಒಂದು ವಲಯಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಅಂತ, ಎಂದು ಶೋಭಿತಾಳ ಕಡೆ ಕೈ ತೋರಿಸಿದ. ಎಲ್ಲರೂ ತಿರುಗಿ ನೋಡಿದರು. ಅವಳ ಕಿವಿ ಬಿಸಿಯಾಯಿತು. ತಾನು ಬರೆದದ್ದು ಅದರ ತಿರುವುಮುರುವು ಎಂದು ಹೇಳಲು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ವಲಯ ಹಂಚುವುದು ಶುರುವಾಗಿತ್ತು.

ಹಂಚಿದ್ದಾದರೂ ಹೇಗೆ? ಪಟ್ಟಲಮ್ಮ ಆಗಷ್ಟೇ ಮಾಳಿಗೆ ಕಟ್ಟಿಸಿದ್ದಳು, ಅವಳಿಗೆ ಸಿಮೆಂಟು. ಸಿದ್ದೇಶ ಗೂಡ್ಸ್ ಆಟೋ ಓಡಿಸುತ್ತಿದ್ದ, ಅವನಿಗೆ ವಾಹನ. ನಾಗಮಣಿ ಆಸ್ಪತ್ರೆಯವಳು, ಔಷಧಿ. ಬ್ಯಾಂಕು ನನಗಿರಲಿ ಎಂದ ಮಹದೇವು, ಭಾರದ್ದನ್ನು ತಾನೇ ಹೊತ್ತವನಂತೆ.

ವಾಪಸು ಬರುವಾಗ ಬಸ್ಸಿನಲ್ಲಿ ಶೋಭಿತಾ ಅಮ್ಮನಿಗೆ ಬಿಡಿಸಿ ಹೇಳಿದಳು. ದೊಡ್ಡಮ್ಮ ಪ್ರತಿ ಗುಡ್ಡೆಗೂ ಎಲ್ಲದರ ಚೂರು ಹಾಕುತ್ತಾಳೆ. ಮಾವ ಒಬ್ಬರಿಗೆ ಇಡೀ ಲಿವರು, ಇನ್ನೊಬ್ಬರಿಗೆ ಬರೀ ಮೂಳೆ ಕೊಟ್ಟಿದ್ದಾನೆ. ಅದೂ ಹೋಗಲಿ, ಕುರಿಗೇ ರೋಗವಿದ್ದರೆ ಯಾವ ಗುಡ್ಡೆ ತಿಂದು ಯಾರು ಉಳಿದಾರು? ನಾಗಮಣಿ ಡಬ್ಬಿಯನ್ನು ತೊಡೆಯ ಮೇಲೆ ಸರಿಯಾಗಿ ಕೂರಿಸಿಕೊಂಡು, “ಓಗ್ಲಿ ಬುಡವ್ವ, ಅಣ್ಣ ತಾನೆ,” ಎಂದಳು.

ಎಂಟೊಂಬತ್ತು ತಿಂಗಳು ಸುಖವಾಗಿಯೇ ಕಳೆಯಿತು. ಮಹದೇವು ವಾಟ್ಸಾಪಿನಲ್ಲಿ ‘ಗುಡ್ಡೆ’ ಎಂಬ ಗ್ರೂಪು ಮಾಡಿದ. ದಿನಾ ಬೆಳಿಗ್ಗೆ ಬುದ್ಧನ ಪಟದ ಕೆಳಗೆ ಹಸಿರು ಬಾಣಗಳನ್ನು ಕಳಿಸುತ್ತಿದ್ದ. ದೀಪಾವಳಿಯ ಹೊತ್ತಿಗೆ ನಾಲ್ಕು ವಲಯವೂ ಮೇಲೇರಿದ್ದವು. ಒಬ್ಬರನ್ನೊಬ್ಬರು ಕರೆಯುವ ಹೆಸರೂ ಬದಲಾಯಿತು. ಏನ್ಲಾ ಗಾಡಿ ಎಂದು ಪಟ್ಟಲಮ್ಮ ತಮ್ಮನನ್ನು ಕರೆದರೆ, ಏನಕ್ಕ ಸಿಮೆಂಟು, ಗಟ್ಟಿಯಾಗಿದ್ದೀಯ ಎಂದು ಅವನು. ಯಾವ ಕಂಪನಿ ಎಲ್ಲಿದೆ, ಏನು ಮಾಡುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಮದುವೆ ಮನೆಗೆ ಬಂದವರಿಗೂ ಫೋನು ತೆಗೆದು ಬಾಣ ತೋರಿಸುತ್ತಿದ್ದರು. ಶೋಭಿತಾಳನ್ನು ಮುಂದಕ್ಕೆ ತಳ್ಳಿ, ಇವಳೇ ಪುಸ್ತಕ ಬರೆದವಳು ಎಂದು ಪರಿಚಯಿಸುತ್ತಿದ್ದ ಮಹದೇವು. ಅವನ ಒದ್ದೆ ಅಂಗೈ ತನ್ನ ಮೊಣಕೈ ಬಿಡುವವರೆಗೂ ಅವಳು ಉಸಿರು ಹಿಡಿದು ನಿಂತಿರುತ್ತಿದ್ದಳು. ಮನೆಗೆ ಬಂದು ಸೋಪು ಹಾಕಿ ಕೈ ತೊಳೆಯುತ್ತಿದ್ದಳು.

ಸಂಕ್ರಾಂತಿ ಕಳೆದಮೇಲೆ ಒಂದು ದೊಡ್ಡ ಬ್ಯಾಂಕಿನ ಲೆಕ್ಕದಲ್ಲಿ ಏನೋ ಮುಚ್ಚಿಟ್ಟಿದ್ದಾರೆಂಬ ಸುದ್ದಿ ಎದ್ದಿತು. ಆ ಬ್ಯಾಂಕಿನ ಷೇರು ಬಿತ್ತು. ಅದರ ಜೊತೆಗೆ ಏನೂ ಮುಚ್ಚಿಡದ ಬ್ಯಾಂಕುಗಳೂ ಬಿದ್ದವು. ಮಹದೇವು ಭಾನುವಾರ ಎಲ್ಲರನ್ನೂ ಮದ್ದೂರಿಗೆ ಕರೆಸಿಕೊಂಡ. ಪೇಪರಿನಲ್ಲಿ ವಡೆ ಕಟ್ಟಿಸಿ ತಂದಿದ್ದ. ಯಾರೂ ಮುಟ್ಟದೆ ಅವು ತಣ್ಣಗಾಗಿ, ಎಣ್ಣೆ ಪೇಪರನ್ನು ದಾಟಿ ಟೀಪಾಯಿಯ ಗಾಜಿನ ಮೇಲೆ ಹರಡಿತ್ತು. ತನ್ನ ಗುಡ್ಡೆ ಕುಗ್ಗಿದೆ, ಮಾತಿನಂತೆ ಮೂವರೂ ಒಂದೊಂದು ತುಂಡು ಹಾಕಬೇಕು ಎಂದು ಮಹದೇವು ತಲೆ ತಗ್ಗಿಸಿಕೊಂಡು ಕೇಳಿದ. ಕಣ್ಣಲ್ಲಿ ನೀರೂ ಬಂತು. ಒಡಹುಟ್ಟಿದವನು ಅಳುವುದನ್ನು ನೋಡಲಾಗದೆ ಪಟ್ಟಲಮ್ಮ ಸಿಮೆಂಟಿನಲ್ಲಿ ಅರ್ಧ ಮಾರಿದಳು. ಸಿದ್ದೇಶ ವಾಹನದಲ್ಲಿ ಒಂದಿಷ್ಟು ಮಾರಿದ. ನಾಗಮಣಿಯೂ ಒಂದು ಪಾಲು ಕೊಟ್ಟಳು.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಮರುವಾರ ಸಿಮೆಂಟು ಬಿತ್ತು. ಬ್ಯಾಂಕು ಸಾಲ ಕೊಟ್ಟರೆ ತಾನೆ ಜನ ಮನೆ ಕಟ್ಟುವುದು, ಗಾಡಿ ಕೊಳ್ಳುವುದು? ಅದು ಒಂದು ದಾರಿ. ಇನ್ನೊಂದು ದಾರಿ ಶೋಭಿತಾಳ ಪ್ರಾಜೆಕ್ಟಿನಲ್ಲಿ ಅಂಕಿಗಳಾಗಿ ಮಾತ್ರ ಇತ್ತು, ಈಗ ಅದು ಅವಳ ಕಣ್ಣೆದುರೇ ದೊಡ್ಡಮ್ಮ, ಮಾವ ಎಂಬ ಹೆಸರಿಟ್ಟುಕೊಂಡು ಓಡಾಡುತ್ತಿತ್ತು. ಒಂದು ಕಡೆ ಕಳೆದುಕೊಂಡವನು ಕೆಟ್ಟದ್ದನ್ನು ಮಾರುವುದಿಲ್ಲ, ಮಾರಿದರೆ ಏನೂ ಬರುವುದಿಲ್ಲವಲ್ಲ. ಬೆಲೆಯಿರುವ ಒಳ್ಳೆಯದನ್ನೇ ಮಾರುತ್ತಾನೆ. ಊರೂರಿನಲ್ಲಿ ಹಾಗೆ ಮಾರುವವರಿದ್ದರೆ ಒಳ್ಳೆಯದೂ ಬೀಳುತ್ತದೆ. ಕೊತ್ತತ್ತಿಯ ಪಟ್ಟಲಮ್ಮನಂಥ ಕೈಗಳ ಮೂಲಕವೇ ನಡುಕ ಬ್ಯಾಂಕಿನಿಂದ ಸಿಮೆಂಟಿಗೆ, ಸಿಮೆಂಟಿನಿಂದ ಗಾಡಿಗೆ ದಾಟುವುದು.

ಈಗ ಪಟ್ಟಲಮ್ಮನ ಗುಡ್ಡೆ ಕುಗ್ಗಿತು, ಸಿದ್ದೇಶ ತುಂಬಿಕೊಡಬೇಕಾಯಿತು. ತುಂಬಿಕೊಟ್ಟ ಸಿದ್ದೇಶನ ವಾಹನವೂ ಮಕಾಡೆ ಮಲಗಿತು. ಷೇರಿನ ನಡುಕ ಮನೆಗಳಿಗೂ ಇಳಿಯಿತು. ಅಕ್ಕ ತಡಮಾಡಿದಳೆಂದು ತಮ್ಮ, ತಮ್ಮ ಕಡಿಮೆ ಕೊಟ್ಟನೆಂದು ಅಕ್ಕ. ಸಿದ್ದೇಶನ ಹೆಂಡತಿ ಪಟ್ಟಲಮ್ಮನ ಹೊಸ ಮಾಳಿಗೆಯ ಬಗ್ಗೆ ಏನೋ ಅಂದಳು, ಅದು ನಾಲ್ಕು ಕಿವಿ ದಾಟುವಷ್ಟರಲ್ಲಿ ನಾಲ್ಕು ಪಟ್ಟಾಗಿತ್ತು. ಮುಂಚೆ ಹಸಿರು ಬಾಣ ಬರುತ್ತಿದ್ದ ಗ್ರೂಪಿಗೆ ಈಗ ಧ್ವನಿ ಮೆಸೇಜು ಬರುತ್ತಿದ್ದವು. ಶೋಭಿತಾಗೆ ಅವನ್ನು ಕೇಳುವಾಗ ಹಳಸಿದ ಸಾರಿನ ಮುಚ್ಚಳ ತೆಗೆದಂತಾಗುತ್ತಿತ್ತು.

ಕೊನೆಗೆ ಎಲ್ಲರ ಕಣ್ಣೂ ಔಷಧಿಯ ಮೇಲೆ ಬಿತ್ತು. ಅದೊಂದು ಇನ್ನೂ ನಿಂತಿತ್ತು. ನಾಗಮಣಿ ಅದನ್ನು ಪೂರ್ತಿ ಮಾರಿ ಮೂರು ಗುಡ್ಡೆಯನ್ನೂ ತುಂಬಬೇಕು ಎಂದು ಮಹದೇವು ಬರೆದ. ಶೋಭಿತಾ ಆಫೀಸಿನಲ್ಲಿ ಕೂತು ಉತ್ತರ ಬರೆದಳು, ಅಳಿಸಿದಳು, ಮತ್ತೆ ಬರೆದು ಕಣ್ಣು ಮುಚ್ಚಿಕೊಂಡು ಕಳಿಸಿದಳು. ನಾಲ್ಕರಲ್ಲಿ ಒಂದಾದರೂ ಉಳಿಯಲಿ, ಇದನ್ನೂ ಮಾರಿದರೆ ಯಾರಿಗೂ ಏನೂ ಉಳಿಯುವುದಿಲ್ಲ, ಪೇಟೆ ತಣ್ಣಗಾದಮೇಲೆ ಉಳಿದದ್ದನ್ನು ನಾಲ್ಕು ಮನೆಯೂ ಹಂಚಿಕೊಳ್ಳೋಣ ಎಂದಷ್ಟೇ ಅದರಲ್ಲಿತ್ತು. ಮಹದೇವು ಕೈಮುಗಿದ ಚಿತ್ರ ಕಳಿಸಿದ. ಸಿದ್ದೇಶ, ಓದಿದವರಿಗೆ ತಮ್ಮ ಡಬ್ಬಿ ಮುಚ್ಚಿಕೊಳ್ಳುವುದು ಚೆನ್ನಾಗಿ ಬರುತ್ತದೆ ಎಂದ. ಸಂಜೆ ಪಟ್ಟಲಮ್ಮನ ಧ್ವನಿ ಬಂತು. ಹಿಂದೆ ಕುಕ್ಕರಿನ ಸದ್ದು.

“ನಾಗಿ, ನಿನ್ ಮಗ್ಳು ಬರ್ದಿರಾದ್ನ ಓದುಸ್ಕಂಡೆ ಕಣಮ್ಮ. ಬಾಳ ಚೆನ್ನಾಗೈತೆ. ಅಂಗಾರೆ ಈ ಸಲ ವಸ್ತೊಡ್ಕಿಗೆ ನಾನು ಮೂರೇ ಗುಡ್ಡೆ ಆಕ್ತೀನಿ ಬುಡು.”

ನಾಗಮಣಿ ಅದನ್ನು ಮತ್ತೆ ಮತ್ತೆ ಕೇಳಿದಳು. ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುತ್ತ, ಆಸ್ಪತ್ರೆಗೆ ಹೊರಡುವ ಮುಂಚೆ. ಮಾತಿಗೆ ಮಾತು ಬೆಳೆಸುವ ಹೆಂಗಸು ಅವಳು, ಸೂಜಿಗೆ ಹೆದರಿ ಓಡಿದ ಗಂಡಸರನ್ನು ಅಂಗಳದಲ್ಲೇ ಹಿಡಿದು ಬೈದವಳು. ಈಗ ತುಟಿ ಬಿಗಿಹಿಡಿದು ಫೋನನ್ನು ಕಿವಿಗೆ ಒತ್ತಿಕೊಂಡು ನಿಲ್ಲುತ್ತಿದ್ದಳು. ಒಂದು ಬೆಳಿಗ್ಗೆ ಮಗಳ ಎದುರು ಕೂತು ಫೋನು ಚಾಚಿದಳು. ಮಾರುವ ಗುಂಡಿ ಒತ್ತುವುದು ಅವಳಿಗೆ ಗೊತ್ತಿರಲಿಲ್ಲ.

“ನಂಗೂ ಗೊತ್ತು ಕಣೆ ಇದು ಓಯ್ತದೆ ಅಂತ,” ಎಂದಳು. “ನಾಳೆ ನಾನು ಸತ್ರೆ ಆ ಮನೆಯಿಂದ ನಿಂಗೊಬ್ರು ಬರ್ಬೇಕಲ್ಲ. ಒತ್ತು.”

ಶೋಭಿತಾ ಒತ್ತಿದಳು. ಮುಂದಿನ ವಾರ ಔಷಧಿಯೂ ಬಿತ್ತು. ಕಾಯಿಲೆಗಳು ಕಡಿಮೆಯಾಗಿರಲಿಲ್ಲ, ಮಾತ್ರೆ ನುಂಗುವವರೂ ಕಡಿಮೆಯಾಗಿರಲಿಲ್ಲ. ಇವರಂತೆಯೇ ಮಾರಿದವರು ಬಹಳ ಇದ್ದರು, ಅಷ್ಟೆ.

ಹೀಗೆ ಈ ವರ್ಷದ ಹೊಸತೊಡಕು ಬಂತು. ನಾಗಮಣಿ ಡಬ್ಬಿ ತಿಕ್ಕಿ ಹೊಳೆಯಿಸಿಕೊಂಡು ಮಗಳೊಡನೆ ಕೊತ್ತತ್ತಿಗೆ ಹೋದಳು. ಹಿತ್ತಿಲಿಗೆ ಕಾಲಿಡುವ ಮುಂಚೆಯೇ ಅವಳ ಕಣ್ಣು ಟಾರ್ಪಾಲು ಹುಡುಕಿತು. ನಾಲ್ಕು ಗುಡ್ಡೆಗಳಿದ್ದವು. ಅವಳು ಬಿಟ್ಟ ಉಸಿರು ಪಕ್ಕದಲ್ಲಿದ್ದ ಶೋಭಿತಾಗೆ ಕೇಳಿಸಿತು. ಕುರಿ ಈ ಸಲ ಬಡಕಲು. ಮಾಂಸಕ್ಕೆ ಅಂಟಿದ ಕೂದಲು ಸರಿಯಾಗಿ ಹೋಗಿರಲಿಲ್ಲ, ಕೊಬ್ಬು ಹಳದಿಗೆ ತಿರುಗಿತ್ತು, ನೊಣಗಳು ಒಂದು ಗುಡ್ಡೆಯಿಂದೆದ್ದು ಇನ್ನೊಂದರ ಮೇಲೆ ಕೂರುತ್ತಿದ್ದವು. ಪಟ್ಟಲಮ್ಮ ಕುಕ್ಕರಗಾಲಲ್ಲಿ ಕೂತು, ರಕ್ತದ ಕೈಯಲ್ಲೇ ತಂಗಿಯ ಗಲ್ಲ ಹಿಡಿದು ಮಾತಾಡಿಸಿದಳು. ಏನೂ ನಡೆದೇ ಇಲ್ಲವೇನೋ ಎಂಬಂತೆ. ನಾಗಮಣಿ ನಕ್ಕಳು, ಗಲ್ಲದ ಮೇಲಿನ ಗುರುತನ್ನು ಒರೆಸಿಕೊಳ್ಳಲಿಲ್ಲ.

ಒಲೆಯ ಹತ್ತಿರ ಮಹದೇವು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಮೊದಲು ಹುರಿದ ಲಿವರಿನ ತಟ್ಟೆ ಅವನ ಕೈಯಲ್ಲಿತ್ತು. ನಾಗಮಣಿ ತನ್ನ ಗುಡ್ಡೆಯನ್ನು ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು, ಶೋಭಿತಾ ಡಬ್ಬಿ ಹಿಡಿದಿದ್ದಳು. ಸಿದ್ದೇಶ ಬೀಡಿ ಎಳೆಯುತ್ತ, ವಾಹನವನ್ನು ಒಂದು ವಾರ ಮುಂಚೆ ಮಾರಿದ್ದರೆ ತಾನು ಬದುಕಿಕೊಳ್ಳುತ್ತಿದ್ದೆ ಎಂದು ಹಲುಬುತ್ತಿದ್ದ. ಮಹದೇವು ಹಲ್ಲಿನ ಸಂದಿಯಿಂದ ಒಂದು ಎಳೆ ಮಾಂಸ ತೆಗೆದು, ನೋಡಿ, ಮತ್ತೆ ಬಾಯಿಗೆ ಹಾಕಿಕೊಂಡ.

“ಅದ್ಕೇ ಕಣ್ಲಾ, ಷೇರು ಅಂದ್ರೆ ಮೂಗಿರ್ಬೇಕು. ನಾನು ನೋಡು, ವಾಸ್ನೆ ಬಂದ ದಿನವೇ ಬ್ಯಾಂಕೆಲ್ಲ ಮಾರ್ಬುಟ್ಟೆ. ಒಂದ್ ಪೈಸೆ ಮುಕ್ಕಾಗ್ಲಿಲ್ಲ. ಇವತ್ತು ಆ ದುಡ್ಡೆಲ್ಲ ಬೆಳ್ಳಿಲಿ ಕೂತೈತೆ.”

ಅವನಿಗೆ ತಾನೇನು ಹೇಳಿದೆನೆಂದು ತಿಳಿಯಲಿಲ್ಲ. ಗೆದ್ದವನ ಖುಷಿಯಲ್ಲಿ ಇನ್ನೊಂದು ಲಿವರಿನ ತುಂಡು ಆರಿಸುತ್ತಿದ್ದ. ಶೋಭಿತಾ ಒಳಗೇ ಲೆಕ್ಕ ಜೋಡಿಸಿಕೊಂಡಳು. ಮದ್ದೂರಿನ ಆ ಭಾನುವಾರ, ತಣ್ಣನೆಯ ವಡೆ, ತಗ್ಗಿದ ತಲೆ, ಕಣ್ಣೀರು. ಆವತ್ತು ಅವನ ಗುಡ್ಡೆ ಕುಗ್ಗಿರಲೇ ಇಲ್ಲ. ಈ ಸಲ ಅವಳು ಮಾತನ್ನು ಮೂರು ಸಲ ಹೇಳಿಕೊಂಡು ನೋಡಲಿಲ್ಲ.

“ಮಾವ, ಮೊದಲ ದಿನವೇ ನೀವು ಮಾರಿದ್ರೆ, ನಾವು ಮೂರು ಮನೆಯೋರು ಮಾರಿ ತುಂಬಿದ್ದು ಯಾವ ಗುಡ್ಡೇನ?”

ದನಿ ಸಣ್ಣದೇ. ಆದರೆ ಹಿತ್ತಿಲು ಚಿಕ್ಕದು. ಸಿದ್ದೇಶನ ಬೀಡಿ ಬಾಯಿಯ ಹತ್ತಿರವೇ ನಿಂತಿತು. ಪಟ್ಟಲಮ್ಮ ತಲೆಯೆತ್ತಿದಳು. ಇನ್ನೇನು ಕುರ್ಚಿ ಮಗುಚುತ್ತದೆ, ತಟ್ಟೆ ಹಾರುತ್ತದೆ, ವಾರಗಟ್ಟಲೆ ಒಬ್ಬರಿಗೊಬ್ಬರು ಉಗಿದ ವಿಷವೆಲ್ಲ ಹೋಗಬೇಕಾದ ಕಡೆ ಹೋಗುತ್ತದೆ ಎಂದು ಶೋಭಿತಾ ಕಾದಳು. ಮಹದೇವು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ನಕ್ಕ. ಮಕ್ಕಳಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಆವತ್ತು ತಾನು ತೆಗೆದುಕೊಂಡದ್ದು ಮುಂದೆ ನಾಲ್ಕು ಮನೆಗೂ ಆಗಲೆಂದೇ, ಒಬ್ಬನಾದರೂ ನಿಂತರೆ ತಾನೆ ಮಿಕ್ಕವರನ್ನು ಎತ್ತುವುದು ಎಂದು ಶುರುಮಾಡಿದ. ಶೋಭಿತಾ ಗ್ರೂಪಿನಲ್ಲಿ ಬರೆದಿದ್ದ ಮಾತನ್ನೇ ತೊಳೆದು ತನ್ನದು ಮಾಡಿಕೊಂಡಿದ್ದ.

ಪಟ್ಟಲಮ್ಮ ಮೊಣಕೈಯಿಂದ ಮೂಗಿನ ಬೆವರು ಒರೆಸಿಕೊಂಡಳು. ಅವಳ ಕಣ್ಣಲ್ಲಿ ಸಿಟ್ಟು ಹುಟ್ಟಿದ್ದು ನಿಜ. ಅದು ಎಲ್ಲಿ ಹೋಯಿತೋ.

“ಅಂಗಾರೆ ಬೆಳ್ಳಿ ಚೆನ್ನಾಗೈತಾ ಮಾದೇವು?” ಎಂದಳು.

ಸಿದ್ದೇಶ ಬೀಡಿ ಬಿಸಾಕಿ ಕುರ್ಚಿಯ ಹತ್ತಿರಕ್ಕೆ ಸರಿದ. ಬೆಳ್ಳಿಯಲ್ಲಿ ಈಗಲೂ ಸೇರಬಹುದೇ, ತಡವಾಯಿತೇ ಎಂದು ಅವನಿಗೆ. ಮಹದೇವು ಜಿಡ್ಡಿನ ಬೆರಳಲ್ಲೇ ಫೋನು ತೀಡಿ ಹಸಿರು ಬಾಣ ತೋರಿಸಿದ. ಮೂರು ತಲೆಗಳು ಒಂದು ಪರದೆಯ ಮೇಲೆ ಬಾಗಿದವು. ವಾರಗಟ್ಟಲೆ ಒಬ್ಬರ ಮುಖ ಒಬ್ಬರು ನೋಡದಿದ್ದವರು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದರು. ಹಬ್ಬದ ದಿನ ಬಾಡಿನ ಮುಂದೆ ಎಂಥ ಮಾತು ತೆಗೆದೆಯೇ ಎಂದು ಪಟ್ಟಲಮ್ಮ ಶೋಭಿತಾಳಿಗೆ ಅಲ್ಲಿಂದಲೇ ಅಂದಳು, ತಿರುಗಿ ಕೂಡ ನೋಡದೆ. ಮೋಸ ಮಾಡಿದವನಿಗಿಂತ, ಮೋಸ ಹೋಗಿಯೂ ಅವನ ಬೆರಳಿನ ಜಿಡ್ಡು ನೆಕ್ಕಲು ನಿಂತವರನ್ನು ನೋಡುವುದು ಶೋಭಿತಾಗೆ ಹೆಚ್ಚು ಹೇಸಿಗೆಯಾಯಿತು. ಅವಳಿಗೆ ಅಳು ಬರಲಿಲ್ಲ. ಬೇಗ ಎಲ್ಲಾದರೂ ಹೋಗಿ ಮುಖ ತೊಳೆದುಕೊಳ್ಳಬೇಕು ಅನಿಸಿತು.

ನಾಗಮಣಿ ಇನ್ನೂ ಟಾರ್ಪಾಲಿನ ಹತ್ತಿರವೇ ಕೂತಿದ್ದಳು. ಕೈಯಲ್ಲಿದ್ದ ಮೂಳೆಯ ತುಂಡನ್ನು ಡಬ್ಬಿಗೆ ಹಾಕದೆ ಹಿಡಿದುಕೊಂಡಿದ್ದಳು.

“ಅಣ್ಣ,” ಎಂದಳು, “ಮಗು ಕೇಳಿದ್ದಕ್ಕೆ ಜವಾಬು ಯೋಳು.”

ಮಹದೇವು, ಬಿಡಮ್ಮ ನಾಗು, ಊಟ ಆಗಲಿ, ಕೂತು ಮಾತಾಡೋಣ, ನಿನ್ನನ್ನೂ ಬೆಳ್ಳಿಗೆ ಸೇರಿಸುತ್ತೇನೆ ಎಂದ. ಹತ್ತಿರ ಬಂದು ಅವಳ ಮೊಣಕೈ ಹಿಡಿಯಲು ಹೋದ. ನಾಗಮಣಿ ಕೈ ಹಿಂದಕ್ಕೆ ತೆಗೆದುಕೊಂಡಳು. ಮಗಳ ಕೈಯಿಂದ ಡಬ್ಬಿ ತೆಗೆದುಕೊಂಡು ಟಾರ್ಪಾಲಿನ ಮೇಲೆ ಬೋರಲು ಹಾಕಿದಳು. ಆಮೇಲೆ ಬಿದ್ದ ರಾಶಿಯಿಂದ ಒಂದೊಂದೇ ತುಂಡು ಎತ್ತಿ, ಮಿಕ್ಕ ಮೂರು ಗುಡ್ಡೆಗೂ ಹಾಕತೊಡಗಿದಳು. ತೊಡೆಯದು ಒಂದಕ್ಕೆ, ಪಕ್ಕೆಯದು ಒಂದಕ್ಕೆ, ಕೊಬ್ಬು ಒಂದಕ್ಕೆ. ಅಕ್ಕ ಹಾಕುವಂತೆಯೇ ಸಮನಾಗಿ, ಅವಸರವಿಲ್ಲದೆ. ನಾಲ್ಕನೆಯ ಗುಡ್ಡೆ ಇದ್ದ ಕಡೆ ಒಂದು ಒದ್ದೆ ಗುರುತು ಉಳಿಯುವವರೆಗೂ ಏಳಲಿಲ್ಲ.

ಪಟ್ಟಲಮ್ಮ ಆಗ ಫೋನು ಬಿಟ್ಟು ಇತ್ತ ತಿರುಗಿದಳು. ಲೇ ನಾಗಿ, ಹಬ್ಬದ ದಿನ ಗುಡ್ಡೆ ಬಿಟ್ಟು ಹೋಗುತ್ತಾರೇನೇ ಎಂದು ಮೆಲ್ಲಗೆ ಕೇಳಿದಳು. ನಾಗಮಣಿ ಬಾನಿಯ ನೀರಲ್ಲಿ ಕೈ ತೊಳೆದು, ಡಬ್ಬಿಯನ್ನೂ ಗಲ್ಲವನ್ನೂ ತೊಳೆದು, ಚಪ್ಪಲಿ ಮೆಟ್ಟಿಕೊಂಡಳು. ಬೀದಿಯ ತಿರುವಿನವರೆಗೂ ಹಿಂದಿನಿಂದ ಯಾರಾದರೂ ಕರೆಯುತ್ತಾರೇನೋ ಎಂದು ಅವಳ ಹೆಜ್ಜೆ ತುಸು ನಿಧಾನವಾಗಿದ್ದುದನ್ನು ಶೋಭಿತಾ ಕಂಡಳು. ಯಾರೂ ಕರೆಯಲಿಲ್ಲ.

ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಮಳವಳ್ಳಿ ಬಸ್ಸು ಬರುವುದು ತಡವಾಯಿತು. ಹಬ್ಬದ ಜನ. ಕಲ್ಲುಬೆಂಚಿನ ಮೇಲೆ ನಾಗಮಣಿ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎಂದಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ಶೋಭಿತಾ ಆ ಕೈಯನ್ನು ನೋಡಲಾರದೆ ಎದುರಿನ ಎಳನೀರಿನ ಗಾಡಿಯನ್ನು ನೋಡಿದಳು. ತನ್ನ ಬೆರಳಿಗೂ ಕೊಬ್ಬಿನ ವಾಸನೆ ಅಂಟಿತ್ತು. ಬಾಯಿಬಿಟ್ಟದ್ದು ಸರಿಯಾಯಿತೋ ಇಲ್ಲವೋ, ಅಮ್ಮನ ಒಂದೇ ತವರನ್ನು ಕಿತ್ತುಕೊಂಡೆನೋ ಎಂದು ಒಳಗೇ ಕೇಳಿಕೊಳ್ಳುತ್ತಿದ್ದಳು.

ನಾಗಮಣಿಯ ಫೋನು ಸದ್ದು ಮಾಡಿತು. ಕನ್ನಡಕ ಏರಿಸಿ ನೋಡಿದಳು. ಮಹದೇವು ಹೊಸ ಗ್ರೂಪು ಮಾಡಿದ್ದ. ಹೆಸರು ‘ಬೆಳ್ಳಿ ಗುಡ್ಡೆ’. ಮೇಲೆ ಬುದ್ಧನ ಅದೇ ಪಟ. ಪಟ್ಟಲಮ್ಮ ಅಷ್ಟರಲ್ಲಾಗಲೇ ಹೆಬ್ಬೆರಳಿನ ಚಿತ್ರ ಒತ್ತಿದ್ದಳು, ಸಿದ್ದೇಶ ಎರಡು ಒತ್ತಿದ್ದ. ಅವರಿಬ್ಬರ ಕೆಳಗೆ ನಾಗಮಣಿಯ ಹೆಸರನ್ನೂ ಸೇರಿಸಿದ್ದರು.

ಅವಳು ಆ ಹೆಸರುಗಳನ್ನು ಒಂದೊಂದಾಗಿ ಓದಿದಳು. ಆಮೇಲೆ ಫೋನನ್ನು ಮಗಳ ಕಡೆ ಚಾಚಿದಳು.

“ಇದ್ರಿಂದ ಆಚೆ ಬರಾದು ಎಂಗೆ ಅಂತ ತೋರ್ಸು. ಈ ಸಲ ನಾನೇ ಒತ್ತೀನಿ.”